ಮೋಟಾರಿನಲ್ಲಿ ಮಂದ್ರಧ್ವನಿ ಏಕೆ ಮಾಯವಾಗುತ್ತದೆ?

ಒಂದಕ್ಕೆ ಒಂದನ್ನು ಕೂಡಿಸಿದರೆ ಎರಡಾಗುವುದೆಂದು ಬಾಲಕನೂ ಬಲ್ಲ. ಆದರೆ ಶಬ್ದಕ್ಕೆ ಶಬ್ದವನ್ನು ಕೂಡಿಸಿದಾಗ ಕೆಲವು ವೇಳೆ ನಿಶ್ಶಬ್ದವೇ ಉಳಿಯುವುದೆಂದು ಹೇಳಿದರೆ ಎಷ್ಟು ಜನ ನಂಬಿಯಾರು? ತರಗತಿಯಲ್ಲಿ ನಾವು ಈ ಮಾತನ್ನು ವರ್ಷವರ್ಷವೂ ಹೇಳುತ್ತ ಬಂದಿದ್ದೇವೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಂಡು, ಪರೀಕ್ಷೆಯಲ್ಲಿ ಒಪ್ಪಿಸಿ, ಮರೆತುಬಿಡುತ್ತಾರೆ. ಅದೇ ತತ್ತ್ವವು ಒಂದು ಮೋಟಾರಿನ ಹಿಂಭಾಗದಲ್ಲಿ ಅಡಗಿ ಕುಳಿತು, ಒಂದು ಮನೆಯ ಬೆಳೆಯ ಹಣಕ್ಕೆ ಸಂಚಕಾರ ತಂದುದನ್ನು ಕಂಡ ಮೇಲೆ, ಅದನ್ನು ವಾಚಕರ ಮುಂದೆ ವಿಸ್ತಾರವಾಗಿ ಇಡಬೇಕೆನ್ನಿಸಿತು.

ಕಳೆದ ಶ್ರಾವಣದಲ್ಲಿ ಪಂಚಮಿಯ ಹಬ್ಬಕ್ಕೆ ಅಕ್ಕನನ್ನು ತವರಿಗೆ ಕರೆತರಲು ನಾವು ಮುಂಡರಗಿ ತಾಲೂಕಿನ ಡೋಣಿಗೆ ಹೋಗಿದ್ದೆವು. ಕಪ್ಪತಗುಡ್ಡದ ಸೆರಗಿನಲ್ಲಿರುವ ಊರು ಅದು. ಹೊಲಗಳಲ್ಲಿ ಹೆಸರು ಕಾಯಿಕಟ್ಟಿತ್ತು. ಓಣಿಗಳಲ್ಲಿ ಜೋಕಾಲಿಗಳು ಬಿದ್ದಿದ್ದವು. ಅಕ್ಕನ ಮಗನು ಪದವೀಧರ. ಹಳೆಯದೊಂದು ಮೋಟಾರನ್ನು ಕೊಂಡು ಬಾಡಿಗೆಗೆ ಓಡಿಸುತ್ತಾನೆ. ಲಗ್ನದ ದಿಬ್ಬಣಗಳಿಗೆ ಹೋಗುವ ಗಾಡಿಯಲ್ಲಿ ಹಾಡು ಚೆನ್ನಾಗಿ ಕೇಳಬೇಕೆಂದು ಹಿಂದಿನ ಡಿಕ್ಕಿಯಲ್ಲಿ ೧೦ ಇಂಚಿನ ಸಬ್‌ವೂಫರ್ ಒಂದನ್ನು ಕೂರಿಸಿದ್ದ. ಸಾಲದೆನಿಸಿ, ಅದೇ ಜಾತಿಯ ಇನ್ನೊಂದನ್ನು ತಂದು, ತಾನೇ ತಂತಿ ಜೋಡಿಸಿದ. ಆದರೆ ಫಲವು ವಿಪರೀತವಾಯಿತು.

“ಮಾಮಾ, ಎರಡು ಹಾಕಿದ ಮ್ಯಾಲೆ ಮೊದಲಿದ್ದ ಸಪ್ಪಳಾನೂ ಹೋತ್ರಿ. ಗುಮ್ಮ್ ಅಂತ ಬರವಲ್ದು. ಹೆಸರಿನ ರೊಕ್ಕ ಬಂದ ಮ್ಯಾಲೆ ಹನ್ನೆರಡು ಇಂಚಿಂದು ತರಬೇಕಂತ ಮಾಡೇನ್ರಿ, ಅದಕ್ಕ ದೊಡ್ಡ ಆಂಪ್ಲಿಫೈಯರ್ ಬ್ಯಾರೆ ಬೇಕು.”

“ಹೆಸರು ಇನ್ನೂ ಹೊಲದಾಗ ಐತಿ, ಇಂವ ಆಗಲೇ ಡಬ್ಬಿ ತಂದಾನ” ಎಂದು ಅಕ್ಕ ಒಳಗಿನಿಂದಲೇ ಸಿಡುಕಿದಳು.

ಅವನ ದೂರಿನಲ್ಲಿಯೇ ಒಂದು ಸುಳಿವಿತ್ತು. ಶಕ್ತಿ ಸಾಲದೆ ಧ್ವನಿ ಕುಗ್ಗಿದ್ದರೆ, ಎರಡನೆಯದನ್ನು ಸೇರಿಸಿದಾಗ ಸ್ವಲ್ಪವಾದರೂ ಹೆಚ್ಚಬೇಕಿತ್ತು. ಇದ್ದುದೂ ಹೋಯಿತೆಂದರೆ, ಅಲ್ಲಿ ಕೊರತೆಯಿಲ್ಲ, ಜಗಳವಿದೆ! ಆದರೂ ಊಹೆಯನ್ನೇ ತೀರ್ಪೆಂದು ಭಾವಿಸುವುದು ತರವಲ್ಲ. ಹೊರಡಲು ಅರ್ಧ ದಿನದ ಅವಕಾಶವಿತ್ತು. ಟಾರ್ಚಿನ ಒಂದು ಸೆಲ್ಲು, ಊರಿನ ಪಂಪಿನ ಮೆಕ್ಯಾನಿಕರಿಂದ ಎರವಲು ತಂದ ಒಂದು ಮಲ್ಟಿಮೀಟರು, ದೇವರ ಗೂಡಿನಿಂದ ಒಂದು ಊದಿನಕಡ್ಡಿ—ಇವಿಷ್ಟೇ ನಮ್ಮ ಪ್ರಯೋಗಶಾಲೆಯ ಉಪಕರಣಗಳು.

ಮಂದ್ರಧ್ವನಿಯ ಸ್ವಭಾವ

ಪರೀಕ್ಷೆಗೆ ಇಳಿಯುವ ಮೊದಲು ಮಂದ್ರಧ್ವನಿಯ ಗುಣವನ್ನು ಅರಿಯಬೇಕು. ಶಬ್ದವೆಂಬುದು ಗಾಳಿಯ ಒತ್ತಡದ ಏರಿಳಿತ. ಒಂದು ಸೆಕೆಂಡಿನಲ್ಲಿ ಈ ಏರಿಳಿತ ಎಷ್ಟು ಸಲ ಆಗುವುದೋ ಅದು ಆ ಧ್ವನಿಯ ಕಂಪನಸಂಖ್ಯೆ. ಅದನ್ನು ಹರ್ಟ್ಸ್‌ಗಳಲ್ಲಿ ಹೇಳುತ್ತಾರೆ. ಮನುಷ್ಯನ ಕಿವಿಗೆ ಸ್ಥೂಲವಾಗಿ ೨೦ರಿಂದ ೨೦,೦೦೦ ಹರ್ಟ್ಸ್‌ವರೆಗಿನ ಧ್ವನಿಗಳು ಗೋಚರ. ಸಬ್‌ವೂಫರಿಗೆ ಒಪ್ಪಿಸುವುದು ಇವುಗಳಲ್ಲಿ ತೀರ ಕೆಳಗಿನವನ್ನು, ಎಂದರೆ ಸುಮಾರು ೧೦೦ ಹರ್ಟ್ಸ್‌ಗಿಂತ ಕೆಳಗಿರುವವನ್ನು.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೫ ಮೀಟರು. ಇದನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ. ೩,೪೫೦ ಹರ್ಟ್ಸ್‌ನ ಕೀಚುಧ್ವನಿಯ ಅಲೆ ೧೦ ಸೆಂಟಿಮೀಟರು ಮಾತ್ರ. ೫೦ ಹರ್ಟ್ಸ್‌ನ ಮಂದ್ರಧ್ವನಿಯ ಅಲೆಯಾದರೋ ಸುಮಾರು ೭ ಮೀಟರು! ಇಡೀ ಮೋಟಾರಿಗಿಂತಲೂ ಉದ್ದವಾದ ಅಲೆ ಇದು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಇಂಥ ಅಲೆಯನ್ನು ಎಬ್ಬಿಸಲು ಬಹಳಷ್ಟು ಗಾಳಿಯನ್ನು ದೂಡಬೇಕು. ಇಂದಿನ ಧ್ವನಿವರ್ಧಕಗಳ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು ೧೯೨೫ರಲ್ಲಿ ಪ್ರಕಟಿಸಿದರು. ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿ. ಸುರುಳಿಗೆ ಅಂಟಿದ ಕಾಗದದ ಶಂಕು. ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದರೆ ಶಂಕು ಹೊರಕ್ಕೆ, ತಿರುಗಿ ಹರಿದರೆ ಒಳಕ್ಕೆ. ಕಂಪನಸಂಖ್ಯೆ ಅರ್ಧಕ್ಕೆ ಇಳಿದಾಗ, ಅಷ್ಟೇ ಒತ್ತಡದ ಶಬ್ದ ಬರಬೇಕಾದರೆ ಶಂಕು ನಾಲ್ಕು ಪಟ್ಟು ಹೆಚ್ಚು ದೂರ ಚಲಿಸಬೇಕು; ೨೦೦ ಹರ್ಟ್ಸ್‌ನಿಂದ ೫೦ಕ್ಕೆ ಇಳಿದರೆ ಹದಿನಾರು ಪಟ್ಟು. ಬಾಗಿಲಿನಲ್ಲಿರುವ ಚಿಕ್ಕ ಧ್ವನಿವರ್ಧಕಕ್ಕೆ ಇದು ಮೀರಿದ ಕೆಲಸ. ನಮ್ಮ ಕಡೆಯ ಹೋಳಿಯಲ್ಲಿ ಗಾಡಿಯ ಗಾಲಿಯಷ್ಟು ದೊಡ್ಡ ಜಗ್ಗಲಿಗೆಯ ನಾದ ಎದೆಗೆ ಬಡಿಯುವಂತಿರುವುದಕ್ಕೂ, ಅಂಗೈಯಗಲದ ವಾದ್ಯಕ್ಕೆ ಅದು ಸಾಧ್ಯವಾಗದಿರುವುದಕ್ಕೂ ಕಾರಣವನ್ನು ಇಲ್ಲಿಯೇ ಹುಡುಕಬಹುದು.

ಕಿವಿಯೆಂಬ ಸಾಕ್ಷಿ

ದೋಷವನ್ನು ಹುಡುಕುವವನು ಮೊದಲು ತನ್ನ ಸಾಕ್ಷಿಯನ್ನೇ ಪರೀಕ್ಷಿಸಬೇಕು. ಇಲ್ಲಿ ಸಾಕ್ಷಿಯೆಂದರೆ ನಮ್ಮ ಕಿವಿ. ಅದು ಎಲ್ಲ ಧ್ವನಿಗಳನ್ನೂ ಒಂದೇ ಸಮನಾಗಿ ಕೇಳುವುದಿಲ್ಲ. ೧೯೩೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ೫೦ ಹರ್ಟ್ಸ್‌ನ ಧ್ವನಿ ಕಿವಿಗೆ ಆಗಷ್ಟೇ ಕೇಳಿಸಬೇಕಾದರೆ ಅದು ೧,೦೦೦ ಹರ್ಟ್ಸ್‌ನ ಧ್ವನಿಗಿಂತ ಸುಮಾರು ೪೦ ಡೆಸಿಬೆಲ್‌ನಷ್ಟು, ಎಂದರೆ ಶಕ್ತಿಯಲ್ಲಿ ಹತ್ತು ಸಾವಿರ ಪಟ್ಟು, ಹೆಚ್ಚಿರಬೇಕು. ಆದುದರಿಂದ ಹಾಡನ್ನು ತೀರ ಸಣ್ಣಗೆ ಹಾಕಿದಾಗ ಮಂದ್ರವು ಮೊದಲು ಅಳಿಸಿಹೋಗುವುದು ಯಂತ್ರದ ದೋಷವಲ್ಲ.

ಕಿವಿಗೆ ಇನ್ನೊಂದು ಚಮತ್ಕಾರವೂ ಗೊತ್ತು: ಇಲ್ಲದ್ದನ್ನು ತುಂಬಿಕೊಳ್ಳುವುದು. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಸಂಗೀತದ ನೆಲೆಯಲ್ಲಿ ತಂಬೂರಿಯ ಖರ್ಜದ ತಂತಿಯನ್ನು ಕೇಳಿದವರು ಅದರ ಗಂಭೀರನಾದವನ್ನು ಮರೆಯಲಾರರು. ಗಾಯಕನ ಷಡ್ಜವು ‘ಕಾಳಿ ಒಂದು’ ಎಂಬ ಸ್ವರದಲ್ಲಿದ್ದರೆ ಖರ್ಜದ ಮೂಲಕಂಪನ ಸುಮಾರು ೬೯ ಹರ್ಟ್ಸ್. ಚಿಕ್ಕ ರೇಡಿಯೋ ಇದನ್ನು ನುಡಿಸಲಾರದು. ಆದರೂ ರೇಡಿಯೋದಲ್ಲಿ ಖರ್ಜದ ಸ್ವರ ತಪ್ಪುವುದಿಲ್ಲ. ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳನ್ನು ಕೇಳಿ, ಮೂಲಸ್ವರವನ್ನು ಮೆದುಳು ತಾನೇ ಕಟ್ಟಿಕೊಳ್ಳುತ್ತದೆ. ಹೀಗಾಗಿ ಹಾಡನ್ನು ಕೇಳಿ ಸಬ್‌ವೂಫರಿನ ತಪ್ಪು ಒಪ್ಪುಗಳನ್ನು ನಿರ್ಣಯಿಸಲು ಹೊರಟರೆ ಮೋಸಹೋಗುವುದುಂಟು. ಪರೀಕ್ಷೆಗೆ ಶುದ್ಧವಾದ ಒಂದೇ ನಾದ ಬೇಕು. ಅಂಥ ನಾದವನ್ನು ಹೊರಡಿಸುವ ಸೌಲಭ್ಯ ಇಂದು ಮೊಬೈಲ್ ಫೋನಿನಲ್ಲಿಯೇ ಸಿಗುತ್ತದೆ.

ಪರೀಕ್ಷೆಯ ಕ್ರಮ

ನಾವು ಮಾಡಿದ ಪರೀಕ್ಷೆಗಳ ಕ್ರಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಾಡು ಹುಟ್ಟುವಲ್ಲಿಂದ ಹಿಡಿದು ಕಿವಿಯವರೆಗೆ ಒಂದು ಸರಪಳಿಯಿದೆ. ಒಂದೊಂದೇ ಕೊಂಡಿಯನ್ನು ಮುಟ್ಟಿ ನೋಡುತ್ತ ಹೋಗಬೇಕು. ಒಮ್ಮೆಗೆ ಎರಡು ಕಡೆ ಬದಲಾವಣೆ ಮಾಡಿದರೆ, ಗುಣ ಯಾವುದರಿಂದ ಆಯಿತೆಂದು ತಿಳಿಯದು.

ಮೊದಲನೆಯದಾಗಿ, ಮೋಟಾರಿನ ಸ್ಟೀರಿಯೋದಲ್ಲಿ ಸ್ವರಗಳನ್ನು ಹೆಚ್ಚು ಕಡಿಮೆ ಮಾಡುವ ಎಲ್ಲ ಗುಂಡಿಗಳನ್ನೂ ಮಧ್ಯಕ್ಕೆ ತಂದು, ೫೦ ಹರ್ಟ್ಸ್‌ನ ನಾದವನ್ನು ಮಿತವಾದ ಮಟ್ಟದಲ್ಲಿ ಬಿಟ್ಟೆವು. ಎರಡು ಶಂಕುಗಳ ಮೇಲೂ ಬೆರಳನ್ನು ಹಗುರಾಗಿ ಇಟ್ಟು ನೋಡಿದರೆ ಎರಡೂ ಸಮನಾಗಿ ಮಿಡಿಯುತ್ತಿದ್ದವು. ಆದರೆ ಚಾಲಕನ ಪೀಠದಲ್ಲಿ ಕುಳಿತರೆ ಕೇಳಿಸುತ್ತಿದ್ದುದು ಬಹು ಅಲ್ಪ. ಇದರಿಂದ ಸುರುಳಿಗಳು ಸುಟ್ಟಿಲ್ಲವೆಂದೂ, ವಿದ್ಯುತ್ತು ಅವುಗಳವರೆಗೆ ತಲುಪುತ್ತಿದೆಯೆಂದೂ ಸಿದ್ಧವಾಯಿತು. ಬೆರಳಿಗೆ ಸಿಕ್ಕ ಕಂಪನವು ಕಿವಿಯವರೆಗೆ ಬರುವಷ್ಟರಲ್ಲಿ ಕಳೆದುಹೋಗುತ್ತಿತ್ತು.

ಎರಡನೆಯದಾಗಿ ಆಂಪ್ಲಿಫೈಯರಿನ ಸೋಸುಗುಂಡಿಯನ್ನು ನೋಡಿದೆವು. ಕೆಳಗಿನ ಧ್ವನಿಗಳನ್ನು ಮಾತ್ರ ಸಬ್‌ವೂಫರಿಗೆ ಬಿಟ್ಟು, ಉಳಿದವನ್ನು ತಡೆಯುವ ಏರ್ಪಾಡು ಇದು. ಇದನ್ನು ತಪ್ಪಾಗಿ ‘ಮೇಲಿನ ಧ್ವನಿ’ಯ ಕಡೆಗೆ ತಿರುಗಿಸಿದ್ದರೆ ಸಬ್‌ವೂಫರು ಉಪವಾಸ ಬೀಳುವುದು. ಇಲ್ಲಿ ಅದು ೮೦ ಹರ್ಟ್ಸ್‌ನಲ್ಲಿ ಸರಿಯಾಗಿಯೇ ನಿಂತಿತ್ತು.

ಮೂರನೆಯದು ವೋಲ್ಟೇಜು. ಎಂಜಿನ್ ಓಡುತ್ತಿರುವಾಗ, ಮಂದ್ರನಾದದ ನಡುವೆ ಬ್ಯಾಟರಿಯ ಬಳಿ ೧೩.೮ ವೋಲ್ಟಿತ್ತು, ಆಂಪ್ಲಿಫೈಯರಿನ ಬಳಿ ೧೧.೯ ಮಾತ್ರ! ನಡುದಾರಿಯಲ್ಲಿ ಸುಮಾರು ೨ ವೋಲ್ಟು ಸೋರಿಹೋಗಿತ್ತು. ಅಳಿಯನಿಗೆ ಕಳ್ಳ ಸಿಕ್ಕಿದನೆಂದು ಸಂತೋಷವಾಯಿತು. ಆದರೆ ಲೆಕ್ಕ ಹಾಕಿ ನೋಡೋಣ. ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿ ಇಳಿಯುತ್ತದೆಂದು ಹಿಡಿದರೆ ಇಲ್ಲಿ ಉಳಿದದ್ದು ನೂರಕ್ಕೆ ೭೪ ಪಾಲು. ಡೆಸಿಬೆಲ್‌ಗಳಲ್ಲಿ ಹೇಳಿದರೆ ಈ ನಷ್ಟ ೧.೩ ಮಾತ್ರ, ಕಿವಿ ಇದನ್ನು ಪ್ರಯಾಸದಿಂದ ಗುರುತಿಸೀತು. ಇದು ಸರಿಪಡಿಸಲೇಬೇಕಾದ ದೋಷ ನಿಜ. ಆದರೆ ಧ್ವನಿಯನ್ನು ನುಂಗಿದ ದೋಷವಲ್ಲ. ಸಿಕ್ಕ ಮೊದಲ ಕಳ್ಳನನ್ನೇ ಎಲ್ಲ ಕಳವಿಗೂ ಹೊಣೆ ಮಾಡಬಾರದು. ಅದಕ್ಕಾಗಿಯೇ ಲೆಕ್ಕ ಬೇಕಾಗುವುದು.

ನಾಲ್ಕನೆಯ ಪರೀಕ್ಷೆಯೇ ನಿರ್ಣಾಯಕವಾದುದು. ಆಂಪ್ಲಿಫೈಯರನ್ನು ಆರಿಸಿ, ಹೊಸ ಸಬ್‌ವೂಫರಿನ ತಂತಿಗಳನ್ನು ಬಿಚ್ಚಿ, ತುದಿಗಳು ಒಂದಕ್ಕೊಂದು ತಗಲದಂತೆ ಸುತ್ತಿ, ಮತ್ತೆ ಅದೇ ನಾದವನ್ನು ಬಿಟ್ಟೆವು. ಒಂದೇ ಸಬ್‌ವೂಫರು ನುಡಿಯುತ್ತಿತ್ತು. ಹಿಂಬದಿಯ ಗಾಜು ಗಡಗಡನೆ ನಡುಗಿತು! ಒಂದನ್ನು ಕಳೆದಾಗ ಧ್ವನಿ ಹೆಚ್ಚಿತು. ಅಳಿಯನು ನಮ್ಮ ಮುಖವನ್ನು ನೋಡಿದ. ನಾವು ಟಾರ್ಚಿನ ಸೆಲ್ಲಿಗಾಗಿ ಕೈ ಚಾಚಿದೆವು.

ಒಂದೂವರೆ ವೋಲ್ಟಿನ ತೀರ್ಪು

ಆಂಪ್ಲಿಫೈಯರಿನಿಂದ ಬಿಡಿಸಿದ ತಂತಿಗಳ ತುದಿಗೆ ೧.೫ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದರೆ ಸಬ್‌ವೂಫರಿನ ಶಂಕು ಒಮ್ಮೆ ಜಿಗಿಯುತ್ತದೆ. ಧನ ತುದಿಯ ತಂತಿಗೆ ಸೆಲ್ಲಿನ ಧನಭಾಗ ತಗಲಿದಾಗ ಅದು ಹೊರಕ್ಕೆ ಜಿಗಿಯಬೇಕು. ಹಳೆಯದು ಹೊರಕ್ಕೆ ಜಿಗಿಯಿತು. ಹೊಸದು ಒಳಕ್ಕೆ ಸರಿಯಿತು. ಪೆಟ್ಟಿಗೆಯೊಳಗೆ ಎರಡು ತಂತಿಗಳು ಅದಲುಬದಲಾಗಿದ್ದವು. ಎರಡೂ ಒಂದೇ ಬಣ್ಣದ ತಂತಿಗಳು, ಗುರುತು ಹಾಕಿರಲಿಲ್ಲ. ದೋಷವೆಲ್ಲ ಇಷ್ಟೆ.

ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಇಬ್ಬರು ಎದುರುಬದುರು ನಿಂತು ಜೀಕುವಾಗ ಒಬ್ಬರಾದ ಮೇಲೊಬ್ಬರು ಹೊತ್ತರಿತು ಜೀಕಿದರೆ ಜೋಕಾಲಿ ಮುಗಿಲಿಗೇರುತ್ತದೆ. ಅದು ಮುಂದೆ ಹೋಗುವಾಗಲೇ ಒಬ್ಬರು ಹಿಂದಕ್ಕೆ ಎಳೆದರೆ, ಇಬ್ಬರೂ ಬೆವರಿದರೂ ಜೋಕಾಲಿ ನಿಂತಲ್ಲಿಯೇ ತೂಗಾಡುತ್ತದೆ. ಈ ಎರಡು ಶಂಕುಗಳ ಪಾಡೂ ಅದೇ. ಒಂದು ಗಾಳಿಯನ್ನು ದೂಡುವಾಗ ಇನ್ನೊಂದು ಎಳೆಯುತ್ತಿತ್ತು. ಒತ್ತಡ ಏರಬೇಕಾದಲ್ಲಿ ಒಂದರ ಏರಿಕೆಯನ್ನು ಇನ್ನೊಂದರ ಇಳಿಕೆ ತಿಂದುಹಾಕುತ್ತಿತ್ತು. ಭೌತಶಾಸ್ತ್ರದಲ್ಲಿ ಇದನ್ನು ವಿನಾಶಕ ವ್ಯತಿಕರಣವೆನ್ನುತ್ತಾರೆ.

ಹಾಗಾದರೆ ಮಂದ್ರವೇ ಏಕೆ ಮಾಯವಾಗಬೇಕು? ಇಲ್ಲಿ ಅಲೆಯ ಉದ್ದ ನೆರವಿಗೆ ಬರುತ್ತದೆ. ಎರಡು ಶಂಕುಗಳ ನಡುವಿನ ಅಂತರ ಸುಮಾರು ೩೦ ಸೆಂಟಿಮೀಟರು. ೭ ಮೀಟರಿನ ಅಲೆಗೆ ಅದು ಲೆಕ್ಕಕ್ಕಿಲ್ಲ. ಎರಡೂ ಒಂದೇ ಸ್ಥಳದಿಂದ ಹೊರಟಂತೆಯೇ ಆಗಿ, ಒಳಗೆ ಎಲ್ಲಿ ಕುಳಿತರೂ ಒಂದನ್ನೊಂದು ಅಳಿಸುತ್ತವೆ. ೧೦ ಸೆಂಟಿಮೀಟರಿನ ಅಲೆಗಾದರೋ ಅದೇ ಅಂತರ ಮೂರು ಅಲೆಗಳಷ್ಟು ದೂರ. ಅಲ್ಲಿ ಕೆಲವೆಡೆ ಅಳಿದರೆ ಕೆಲವೆಡೆ ಕೂಡುತ್ತವೆ. ಆದುದರಿಂದ ತಂತಿ ತಿರುಗುಮುರುಗಾದರೆ ಮೊದಲು ಬಲಿಯಾಗುವುದು ಮಂದ್ರವೇ.

ತಂತಿಗಳನ್ನು ಸರಿಪಡಿಸಿದ ಮೇಲೆ ಎರಡರ ಒತ್ತಡಗಳೂ ಕೂಡಿದವು. ಒಂದಕ್ಕೆ ಹೋಲಿಸಿದರೆ ಒತ್ತಡ ಎರಡು ಪಟ್ಟು, ಎಂದರೆ ೬ ಡೆಸಿಬೆಲ್ ಹೆಚ್ಚಳ. ಇದೇ ಲಾಭವನ್ನು ಒಂದೇ ಸಬ್‌ವೂಫರಿನಿಂದ ಪಡೆಯಬೇಕಾದರೆ ಆಂಪ್ಲಿಫೈಯರಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಬೇಕಾಗುತ್ತಿತ್ತು. ಇನ್ನು, ಕಿವಿಗೆ ‘ಎರಡರಷ್ಟು ಜೋರು’ ಎನ್ನಿಸಲು ಬೇಕಾದುದು ಸುಮಾರು ಹತ್ತು ಪಟ್ಟು ಶಕ್ತಿ! ಶಕ್ತಿಯನ್ನು ಕೊಂಡು ಧ್ವನಿಯನ್ನು ಬೆಳೆಸಲು ಹೊರಟವನ ಜೇಬು ಎಷ್ಟು ಬೇಗ ಬರಿದಾದೀತೆಂಬುದು ಇದರಿಂದ ಗೊತ್ತಾಗುವುದು.

ಉಳಿದ ಲೋಪಗಳು

ಮುಖ್ಯ ದೋಷ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಲಿಲ್ಲ. ಸಬ್‌ವೂಫರಿಗೆ ಪೆಟ್ಟಿಗೆ ಏತಕ್ಕೆಂದು ಅಳಿಯನನ್ನು ಕೇಳಿದೆವು, ನೋಟಕ್ಕೆಂದ. ಹಾಗಲ್ಲ. ಶಂಕು ಮುಂದಕ್ಕೆ ಗಾಳಿಯನ್ನು ಒತ್ತುವಾಗ ಹಿಂದೆ ಅಷ್ಟೇ ಗಾಳಿ ಸಡಿಲವಾಗುತ್ತದೆ. ಪೆಟ್ಟಿಗೆಯಿಲ್ಲದಿದ್ದರೆ ಮುಂದಿನ ಒತ್ತಡ ಅಂಚನ್ನು ಸುತ್ತಿ ಹಿಂದಕ್ಕೆ ಹರಿದು, ಒಂದೇ ಶಂಕುವಿನ ಎರಡು ಮುಖಗಳು ತಮ್ಮತಮ್ಮಲ್ಲೇ ಅಳಿಸಿಕೊಳ್ಳುತ್ತವೆ. ಈ ಜಗಳವನ್ನು ಬಿಡಿಸುವುದೇ ಪೆಟ್ಟಿಗೆಯ ಕೆಲಸ. ಅದರ ಗಾತ್ರವನ್ನೂ ಮನಬಂದಂತೆ ಇಡಲಾಗದು. ಆಸ್ಟ್ರೇಲಿಯದ ಎಂಜಿನಿಯರ್ ನೆವಿಲ್ ತೀಲ್ ೧೯೬೧ರಲ್ಲಿಯೂ, ಸಿಡ್ನಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲ್ ೧೯೭೦ರ ದಶಕದಲ್ಲಿಯೂ ಪೆಟ್ಟಿಗೆ ಮತ್ತು ಧ್ವನಿವರ್ಧಕಗಳ ಹೊಂದಾಣಿಕೆಯನ್ನು ಗಣಿತಕ್ಕೆ ತಂದರು. ಇಂದು ಸಬ್‌ವೂಫರಿನೊಡನೆ ಬರುವ ಚೀಟಿಯಲ್ಲಿ ಅವರಿಬ್ಬರ ಹೆಸರಿನ ಅಂಕಿಗಳಿರುತ್ತವೆ. ಆ ಚೀಟಿಯನ್ನು ಎಸೆಯದೆ ಓದಿಕೊಳ್ಳಬೇಕು.

ನಮ್ಮ ಪೆಟ್ಟಿಗೆ ಪೂರ್ಣ ಮುಚ್ಚಿದ ಬಗೆಯದು. ನಡುವೆ ಹಲಗೆಯಿದ್ದು ಎರಡು ಕೋಣೆಗಳಿದ್ದವು. ಮಂದ್ರನಾದವನ್ನು ಹಾಕಿ, ಕೀಲುಗಳ ಉದ್ದಕ್ಕೂ ಊದಿನಕಡ್ಡಿಯನ್ನು ಹಿಡಿಯುತ್ತ ಹೋದೆವು. ನೆಟ್ಟಗೆ ಏರುತ್ತಿದ್ದ ಹೊಗೆಯ ಎಳೆ, ಹೊಸ ತಂತಿ ಹೊರಬರುವ ರಂಧ್ರದ ಬಳಿ ಬಂದೊಡನೆ ಚೆದುರಿ ನಡುಗಿತು. ಆ ಕಂಡಿಯಿಂದ ಗಾಳಿ ಪುಸುಗುಟ್ಟುತ್ತಿತ್ತು. ಅಂಟು ತುಂಬಿ ಮುಚ್ಚಿದೆವು.

ಇನ್ನು ಸೋರಿಹೋದ ೨ ವೋಲ್ಟು. ಆಂಪ್ಲಿಫೈಯರಿನ ಋಣ ತಂತಿಯನ್ನು ಮೋಟಾರಿನ ಕಬ್ಬಿಣದ ಮೈಗೆ ಜೋಡಿಸುವುದು ರೂಢಿ. ಇಲ್ಲಿ ಅದನ್ನು ಬಣ್ಣದ ಮೇಲೆಯೇ ತಿರುಪು ಹಾಕಿ ಬಿಗಿದಿತ್ತು. ಬಣ್ಣ ವಿದ್ಯುತ್ತಿಗೆ ಅಡ್ಡಿ. ಅದನ್ನು ಕೆರೆದು, ಹೊಳೆಯುವ ಲೋಹಕ್ಕೆ ಕೂರಿಸಿದೊಡನೆ ನಷ್ಟದ ಅರ್ಧ ಇಳಿಯಿತು. ಉಳಿದರ್ಧ ಸಣ್ಣ ತಂತಿಯದು. ೩೦೦ ವಾಟ್ ಧ್ವನಿಶಕ್ತಿಯನ್ನು ಒದಗಿಸುವ ಆಂಪ್ಲಿಫೈಯರಿನ ದಕ್ಷತೆ ನೂರಕ್ಕೆ ೭೫ ಎಂದು ಹಿಡಿದರೆ, ೧೨ ವೋಲ್ಟಿನ ಬ್ಯಾಟರಿಯಿಂದ ಅದು ಎಳೆಯುವ ವಿದ್ಯುತ್ತು ಸುಮಾರು ೩೩ ಆಂಪಿಯರು. ತೆಳುವಾದ ತಂತಿ ಇದನ್ನು ಹೊತ್ತು ಬಿಸಿಯಾಗುತ್ತದೆ. ಅದಕ್ಕೂ ಕೆಟ್ಟದೆಂದರೆ ಬ್ಯಾಟರಿಯ ಬಳಿ ಫ್ಯೂಸೇ ಇರಲಿಲ್ಲ. ದಾರಿಯಲ್ಲೆಲ್ಲಾದರೂ ತಂತಿಯ ಹೊದಿಕೆ ಸವೆದು ಮೈಗೆ ತಗಲಿದ್ದರೆ, ಪ್ರಯಾಣಿಕರಿರುವ ಗಾಡಿಗೇ ಬೆಂಕಿ ಹತ್ತಬಹುದಿತ್ತು. ಧ್ವನಿಯ ಮಾತಿರಲಿ, ದಪ್ಪ ತಂತಿಯನ್ನೂ ಬ್ಯಾಟರಿಗೆ ಹತ್ತಿರವಾಗಿ ಫ್ಯೂಸನ್ನೂ ಹಾಕಿಸುವವರೆಗೆ ಆಂಪ್ಲಿಫೈಯರಿನ ವಿದ್ಯುತ್ ತಂತಿಯನ್ನು ಬ್ಯಾಟರಿಯಿಂದ ಬಿಚ್ಚಿಡಬೇಕೆಂದು ಕಟ್ಟುನಿಟ್ಟಾಗಿ ಹೇಳಿದೆವು. ಅವನು ಆಗಲೇ ಮುಂಡರಗಿಗೆ ಹೋಗಿ ಎರಡನ್ನೂ ತಂದು ಹಾಕಿದ. ತಗುಲಿದ ಖರ್ಚು ಹೊಸ ಸಬ್‌ವೂಫರಿನ ಬೆಲೆಯ ಒಂದು ಸಣ್ಣ ಪಾಲು.

ಕೊನೆಗೆ ಒಂದು ಸೂಕ್ಷ್ಮ ಉಳಿದಿತ್ತು. ಸಬ್‌ವೂಫರುಗಳು ತಮ್ಮೊಳಗೆ ಒಂದಾದರೂ ಮುಂದಿನ ಬಾಗಿಲುಗಳ ಧ್ವನಿವರ್ಧಕಗಳೊಡನೆ ಹೊಂದಬೇಕಷ್ಟೆ? ೮೦ ಹರ್ಟ್ಸ್‌ನ ಅಲೆ ಸುಮಾರು ೪.೩ ಮೀಟರು. ಚಾಲಕನ ಕಿವಿಗೆ ಡಿಕ್ಕಿಯು ಬಾಗಿಲಿಗಿಂತ ಒಂದೂವರೆ ಮೀಟರು ಹೆಚ್ಚು ದೂರವಿದ್ದರೆ, ಹಿಂದಿನ ಧ್ವನಿ ಅಲೆಯ ಮೂರನೆಯ ಒಂದು ಭಾಗದಷ್ಟು ತಡವಾಗಿ ಬರುತ್ತದೆ; ಅಲ್ಲಿಯೂ ಅಳಿಸಾಟ ನಡೆಯುವುದುಂಟು. ಇದಕ್ಕಾಗಿಯೇ ಆಂಪ್ಲಿಫೈಯರಿನಲ್ಲಿ ೦ ಮತ್ತು ೧೮೦ ಎಂದು ಬರೆದ ಒಂದು ಸ್ವಿಚ್ಚಿರುತ್ತದೆ. ಅಳಿಯನನ್ನು ಚಾಲಕನ ಪೀಠದಲ್ಲಿ ಕೂರಿಸಿ, ಕಿಟಕಿಗಳನ್ನೇರಿಸಿ, ಎರಡೂ ಕಡೆಗೆ ತಿರುಗಿಸಿ ಕೇಳಿಸಿದೆವು. ಯಾವುದರಲ್ಲಿ ಮಂದ್ರ ತುಂಬಿ ಬರುವುದೋ ಅದೇ ಸರಿ. ಇಲ್ಲಿ ೧೮೦ ಗೆದ್ದಿತು. ಕಿಟಕಿಗಳನ್ನೇರಿಸಲು ಕಾರಣವೂ ಉಂಟು. ಅಲೆಯು ಮೋಟಾರಿನ ಒಳಗಿನ ಉದ್ದಕ್ಕಿಂತ ಬಹಳ ದೊಡ್ಡದಾದಾಗ ಒಳಗಿನ ಗಾಳಿಯೆಲ್ಲ ಒಟ್ಟಾಗಿ ಹಿಗ್ಗಿ ಕುಗ್ಗುತ್ತದೆ. ಕಿಟಕಿ ತೆರೆದೊಡನೆ ಆ ಒತ್ತಡ ಹೊರಗೆ ಸೋರುತ್ತದೆ.

ನಿಜವಾದ ನಷ್ಟ

ಇಲ್ಲಿಯವರೆಗೆ ಹಣದ ಮಾತಾಯಿತು. ನಮ್ಮನ್ನು ಹೆಚ್ಚು ಕಳವಳಗೊಳಿಸಿದುದು ಬೇರೊಂದು. ಮಂದ್ರ ಸಾಲದೆಂದು ಅಳಿಯನು ತಿಂಗಳುಗಟ್ಟಲೆ ಇಡೀ ಹಾಡಿನ ಧ್ವನಿಯನ್ನೇ ಏರಿಸುತ್ತ ಬಂದಿದ್ದ. ಏರಿದ್ದು ಮಂದ್ರವಲ್ಲ, ಕಿವಿಗೆ ಹೆಚ್ಚು ಹಾನಿ ಮಾಡುವ ಮೇಲಿನ ಸ್ವರಗಳು. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಎನ್ನುವುದೆಂದು ಅವನು ನಗುತ್ತ ಹೇಳಿದ. ಅದು ನಗುವ ಮಾತಲ್ಲ. ೮೫ ಡೆಸಿಬೆಲ್‌ನ ಶಬ್ದದಲ್ಲಿ ದಿನಕ್ಕೆ ೮ ಗಂಟೆಗಿಂತ ಹೆಚ್ಚು ಇರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ದುಡಿಯುವವರಿಗೆ ಸಲಹೆ ಮಾಡಿದೆ. ಮೂರು ಡೆಸಿಬೆಲ್ ಏರಿದಂತೆಲ್ಲ ಈ ಅವಧಿ ಅರ್ಧವಾಗುತ್ತದೆ: ೮೮ಕ್ಕೆ ೪ ಗಂಟೆ, ೯೧ಕ್ಕೆ ೨ ಗಂಟೆ, ೧೦೦ಕ್ಕೆ ತಲುಪಿದರೆ ೧೫ ನಿಮಿಷ ಮಾತ್ರ. ಕಿವಿಯೊಳಗಿನ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಸುಟ್ಟ ಸುರುಳಿಯನ್ನು ಅಂಗಡಿಯಲ್ಲಿ ಬದಲಿಸಬಹುದು. ಇವನ್ನು ಬದಲಿಸುವ ಅಂಗಡಿ ಎಲ್ಲಿಯೂ ಇಲ್ಲ. ಗುಂಯ್‌ಗುಡುವುದು ನಿಲ್ಲದಿದ್ದರೆ ಕಿವಿಯ ವೈದ್ಯರನ್ನು ಕಾಣಬೇಕೆಂದು ಅವನಿಂದ ಮಾತು ತೆಗೆದುಕೊಂಡೆವು.

ಸಂಜೆ ಅಕ್ಕನನ್ನು ಹಿಂದಿನ ಪೀಠದಲ್ಲಿ ಕೂರಿಸಿಕೊಂಡು ಹೊರಟೆವು. ಅಳಿಯನು ಅಭ್ಯಾಸಬಲದಿಂದ ಗುಂಡಿಯನ್ನು ಹಿಂದಿನಷ್ಟೇ ತಿರುಗಿಸಿದ. ಡಂಬಳದ ಹಾದಿ ಹಿಡಿಯುವ ಮುನ್ನವೇ ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು, “ಎದಿಯಾಗ ಡೊಳ್ಳು ಬಾರಿಸಿದಂಗಾತಲ್ಲೋ, ಸಣ್ಣ ಮಾಡು!” ಎಂದಳು. ಅವನು ಅರ್ಧಕ್ಕೆ ಇಳಿಸಿದ. ಮಂದ್ರ ತುಂಬಿ ಬರುತ್ತಿತ್ತು. ಹಿಂದಿನಿಂದ ಬಂದ ಟ್ರ್ಯಾಕ್ಟರಿನ ಹಾರ್ನೂ ಸ್ಪಷ್ಟವಾಗಿ ಕೇಳಿಸಿತು.

“ಹೆಸರಿನ ರೊಕ್ಕ?” ಎಂದು ಕೇಳಿದೆವು.

“ಅವ್ವನ ಕೈಯಾಗ ಕೊಡತೇನ್ರಿ ಮಾಮಾ” ಎಂದ.

ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟೆ. ಯಂತ್ರವೊಂದು ಕೆಲಸ ಮಾಡದಿದ್ದಾಗ, ಇನ್ನಷ್ಟು ದೊಡ್ಡದನ್ನು ಕೊಳ್ಳುವ ಮೊದಲು, ಇರುವುದು ಒಂದಕ್ಕೊಂದು ಎದುರಾಗಿ ದುಡಿಯುತ್ತಿದೆಯೇ ಎಂದು ನೋಡಿರಿ. ಅದಕ್ಕೆ ಬೇಕಾದ ಉಪಕರಣ ಬಹುಶಃ ನಿಮ್ಮ ಮನೆಯ ಟಾರ್ಚಿನಲ್ಲಿಯೇ ಇದೆ.